ತಂತಿಯಲ್ಲಿ ಮೂರೇ ವಾಷರ್

ಅವ್ವ ಓಡಿಸಿ ಓಡಿಸಿಯೇ ಗಾಡಿ ಕೆಟ್ಟಿತು ಎಂಬುದು ನಮ್ಮ ಬಳಗ ಒಪ್ಪಿಕೊಂಡ ಕಥೆ. ಸಾರವಾಡದ ದೊಡ್ಡಪ್ಪನಿಂದ ಎದುರುಮನೆಯ ಕಾಕೂವರೆಗೆ ಎಲ್ಲರೂ ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ: "ಹೆಣ್ಮಕ್ಕಳು ಕ್ಲಚ್ ಮ್ಯಾಲಿನ ಕಾಲ ತೆಗಿಯೂದ ಇಲ್ಲ." ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೇ ಹೆಚ್ಚು ಹಾಜರಾದ ನನಗೆ ಕಂಡದ್ದು ಬೇರೆ. ಕ್ಲಚ್ ಮೇಲೆ ಕಾಲಿಟ್ಟರೆ ಕ್ಲಚ್ ಸುಡಬೇಕು. ನಮ್ಮ ಹಳೆಯ ಡೀಸೆಲ್ ಕಾರಿನ ಕ್ಲಚ್ ಗಟ್ಟಿಯಾಗಿಯೇ ಇತ್ತು. ಅದು ಬೆಳಿಗ್ಗೆ ಚಾಲೂ ಆಗಲು ಕೊಸರಾಡುತ್ತಿತ್ತು, ನಿಂತಲ್ಲೇ ನಡುಗುತ್ತಿತ್ತು, ಏರಿನಲ್ಲಿ ಕಪ್ಪು ಹೊಗೆ ಉಗುಳುತ್ತಿತ್ತು. ಆರೋಪ ಒಂದು, ರೋಗ ಇನ್ನೊಂದು.

ಅವ್ವ ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ವಿಜಯಪುರದ ಮನೆಯಿಂದ ದಿನಾ ತಾನೇ ಓಡಿಸಿಕೊಂಡು ಹೋಗಿಬರುತ್ತಾಳೆ. ಅಪ್ಪ ಗಾಡಿ ಮಾರುವುದೆಂದು ತೀರ್ಮಾನಿಸಿ, ಗಾಂಧಿ ಚೌಕದ ಗಿರಾಕಿಯೊಬ್ಬನಿಗೆ ಸೋಮವಾರ ಬರಲು ಹೇಳಿಯೂ ಆಗಿತ್ತು.

"ಬಸ್ ಅದಾವಲ್ಲ, ಆರಾಮ ಕುಂತ ಹೋಗ್ಲಿ," ಎಂದ.

ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, "ಆರಾಮ ಬೇಕಂತ ನಾ ಯಾವಾಗ ಕೇಳೇನಿ?" ಎಂದಳು. ಅಷ್ಟೇ. ಮತ್ತೆ ತಟ್ಟತೊಡಗಿದಳು.

ಸುಮ್ಮನಿರಲು ನನ್ನಿಂದಾಗಲಿಲ್ಲ. "ಅಪ್ಪಾ, ಇಂಜಿನ್ನಿಗೆ ಡೀಸೆಲ್ ಚಿಮ್ಮಸೂ ಇಂಜೆಕ್ಟರ್ ಒಂದು ಹೋಗೇತಿ. ಒಂದ ದಿನ ಕೊಡು. ಸರಿ ಆದ್ರ ಗಾಡಿ ಅವ್ವಂದು. ಆಗಲಿಲ್ಲ, ಮಾರು."

"ಭಾಷಣ ಮಾಡಿ ಕಪ್ ತಂದೀದಿ ಯವ್ವಾ. ಆ ಕಪ್ ನೋಡಿ ಇಂಜಿನ್ ಚಾಲೂ ಆಗೂದಿಲ್ಲ," ಎಂದನಾದರೂ ಒಪ್ಪಿದ.

ಭಾನುವಾರ ಮೂವರೂ ತಿಕೋಟಾಕ್ಕೆ ಹೋದೆವು. ಅಲ್ಲಿಯ ಮಿಸ್ತ್ರಿ ಚಾಚಾ ದ್ರಾಕ್ಷಿ ತೋಟದವರ ಟ್ರ್ಯಾಕ್ಟರ್ ಮೊದಲ್ಗೊಂಡು ಡೀಸೆಲ್ ಕುಡಿಯುವ ಎಲ್ಲದಕ್ಕೂ ಮದ್ದು ಮಾಡುವವರು. ನಾಲ್ಕೂ ಇಂಜೆಕ್ಟರುಗಳಿಗೆ ಸಲೈನ್ ನಳಿಕೆ ಸಿಕ್ಕಿಸಿ, ಹಿಂದಕ್ಕೆ ಬರುವ ಡೀಸೆಲ್ ಹಿಡಿಯಲು ನಾಲ್ಕು ಬಾಟಲಿ ಇಟ್ಟರು. ಇಂಜೆಕ್ಟರ್ ಚೆನ್ನಾಗಿದ್ದರೆ ಹನಿ ಹನಿಯಷ್ಟೇ ಬರಬೇಕಂತೆ. ಕೆಟ್ಟದ್ದು ಒಂದೇ ಎಂದು ನಾನು ಹಟ ಹಿಡಿದಿದ್ದೆ. ನಾಲ್ಕೂ ಬಾಟಲಿ ಸರಸರ ತುಂಬಿದವು.

"ಒಂದಲ್ಲ ವಕೀಲಬಾಯಿ, ನಾಕೂ ಮುದುಕ ಆಗ್ಯಾವ, ನನ್ನಂಗ," ಎಂದರು ಚಾಚಾ. ಆ ವಾದವನ್ನು ಸಂತೋಷದಿಂದ ಸೋತೆ.

ಪ್ರತಿ ಇಂಜೆಕ್ಟರಿನ ಬುಡದಲ್ಲೂ ಸಂದಿ ಮುಚ್ಚಲು ಒಂದು ತಾಮ್ರದ ವಾಷರ್ ಇರುತ್ತದೆ. ಚಾಚಾ ಹಳೆಯ ವಾಷರ್ ಬಿಸಾಡುವವರಲ್ಲ. ಒಂದೊಂದು ಗಾಡಿಯವನ್ನು ಒಂದೊಂದು ತಂತಿಗೆ ಪೋಣಿಸಿ ಗೋಡೆಯ ಮೊಳೆಗೆ ತೂಗುಹಾಕುತ್ತಾರೆ, ಆಮೇಲೆ ಬೆಂಕಿಯಲ್ಲಿ ಕೆಂಪಗೆ ಕಾಸಿ, ಮೆದುವಾಗಿಸಿ ಹಳೆಯ ಟ್ರ್ಯಾಕ್ಟರುಗಳಿಗೆ ಹಾಕುತ್ತಾರೆ. ನಮ್ಮ ಗಾಡಿಯವನ್ನೂ ಒಂದು ತಂತಿಗೆ ಪೋಣಿಸಿಟ್ಟು, ಹೊಸ ವಾಷರ್, ಹೊಸ ಇಂಜೆಕ್ಟರ್ ಕೂರಿಸಿದರು. ಇಂಜೆಕ್ಟರುಗಳ ಮೈಮೇಲಿನ ಸಂಖ್ಯೆಗಳನ್ನು ಲ್ಯಾಪ್‌ಟಾಪಿನಿಂದ ಗಾಡಿಯ ಕಂಪ್ಯೂಟರಿಗೆ ತಿಳಿಸಿದ್ದೂ ಆಯಿತು. ಅವ್ವ ಚಾವಿ ತಿರುಗಿಸಿದಳು.

ಚಾಲೂ ಆಯಿತು. ಆದರೆ ಇಂಜಿನ್ನಿನಿಂದ ಚಫ್ ಚಫ್ ಎಂಬ ಸದ್ದು, ಜೊತೆಗೆ ಹೊಗೆಯ ನಾತ.

"ಆತಲ್ಲ? ನಾಳೆ ಗಿರಾಕಿ ಬರ್ತಾನ. ನಡೀರಿ," ಎಂದ ಅಪ್ಪ. ಅವ್ವ ಇಂಜಿನ್ ಆರಿಸಿದಳು, ಸ್ಟೇರಿಂಗ್ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.

ನನ್ನ ಕಣ್ಣು ಗೋಡೆಯ ಕಡೆ ಹೋಯಿತು.

"ಚಾಚಾ, ಎಷ್ಟ ಇಂಜೆಕ್ಟರ್ ಬಿಚ್ಚಿದ್ರಿ?"

"ನಾಕು."

"ನಮ್ಮ ತಂತಿಯಾಗ ವಾಷರ್ ಮೂರ ಅದಾವಲ್ರಿ?"

"ಎಲ್ಲೋ ಬಿದ್ದಿರಬೇಕು ಬೇಟಿ."

"ಬಿದ್ದಿದ್ರ ನೆಲದ ಮ್ಯಾಲ ಇರಬೇಕು, ಇಲ್ಲಾಂದ್ರ ಇಂಜಿನ್ ಒಳಗ ಇರಬೇಕು. ಮೂರನೇ ಜಾಗ ಇದ್ರ ಹೇಳ್ರಿ."

"ಮಿಸ್ತ್ರಿಗೇ ಕಲಸ್ತೀಯೇನ ಲೇ?" ಅಪ್ಪ ಗದರಿದ.

"ಕಲಸಾಕತ್ತಿಲ್ಲ ಅಪ್ಪಾ. ಎಣಸಾಕತ್ತೇನಿ."

ನಾನೇ ಕಸಬರಿಗೆ ಹಿಡಿದು ಗಾಡಿಯ ಕೆಳಗೆಲ್ಲ ಗುಡಿಸಿದೆ. ನಟ್ಟು, ಬೀಡಿ ತುಂಡು ಸಿಕ್ಕವು, ವಾಷರ್ ಇಲ್ಲ. ಚಾಚಾ ಮತ್ತೆ ಪಾನಾ ಎತ್ತಿಕೊಂಡರು. ಬುಡದಲ್ಲಿ ಹೊಗೆ ಸೋರಿದ ಗುರುತಿದ್ದ ಮೂರನೆಯ ಇಂಜೆಕ್ಟರ್ ಬಿಚ್ಚಿ, ಅದರಡಿಯ ಹೊಸ ವಾಷರ್ ತೆಗೆದು ಟಾರ್ಚ್ ಬಿಟ್ಟರೆ, ತೂತಿನ ತಳದಲ್ಲಿ ಮಸಿ ಹಿಡಿದ ಇನ್ನೊಂದು ಉಂಗುರ! ಹಳೆಯದು ಅಲ್ಲೇ ಕಚ್ಚಿಕೊಂಡಿತ್ತು. ಅದರ ಮೇಲೆ ಹೊಸದು ಕುಳಿತದ್ದರಿಂದ ಸಂದಿಯಲ್ಲಿ ಗಾಳಿ ಸೋರುತ್ತಿತ್ತು. ಚಾಚಾ ಸೈಕಲ್ ಕಡ್ಡಿಯ ತುದಿ ಬಗ್ಗಿಸಿ ಅದನ್ನು ಎಬ್ಬಿಸಿದರು, ತಳ ಕೆರೆದು ಒರೆಸಿದರು, ಇನ್ನೊಂದು ಹೊಸ ವಾಷರ್ ಹಾಕಿ ಬಿಗಿದರು. "ಯಾ ಅಲ್ಲಾ! ಈಕಿನ್ನ ನನ್ನ ಗ್ಯಾರೇಜಿಗೆ ಬಿಟ್ಟ ಹೋಗ್ರಿ," ಎಂದು ಅಪ್ಪನತ್ತ ನೋಡಿ ನಕ್ಕರು.

ಅವ್ವ ಮತ್ತೆ ಚಾವಿ ತಿರುಗಿಸಿದಳು. ಚಫ್ ಇಲ್ಲ, ನಡುಕವಿಲ್ಲ. ಹೊಲಿಗೆ ಯಂತ್ರದ ಹಾಗೆ ಒಂದೇ ಸಮನೆ ಸದ್ದು. ಅವಳು ಯಾರನ್ನೂ ಕೇಳದೆ ಗಾಡಿಯನ್ನು ರಸ್ತೆಗಿಳಿಸಿದಳು. ನಾನು ಓಡಿ ಹೋಗಿ ಮುಂದಿನ ಸೀಟು ಹಿಡಿದೆ, ಅಪ್ಪನಿಗೆ ಹಿಂದಿನದು ಉಳಿಯಿತು. ಊರ ಹೊರಗಿನ ಏರಿನಲ್ಲಿ ಅವ್ವ ಎರಡು ಟ್ರ್ಯಾಕ್ಟರುಗಳನ್ನು ಹಿಂದಿಕ್ಕಿದಳು. ಕನ್ನಡಿಯಲ್ಲಿ ನೋಡಿದೆ: ಹೊಗೆಯ ಸುಳಿವಿಲ್ಲ. ನಾಳಿನ ಗಿರಾಕಿಗೆ ಫೋನ್ ಮಾಡಿ ಬರಬೇಡವೆಂದು ಹೇಳಿದವಳು ನಾನೇ, ಅದೂ ಅಪ್ಪನ ಫೋನಿನಿಂದ.

ವಿಜಯಪುರ ಹತ್ತಿರವಾದಾಗ ಹಿಂದಿನಿಂದ ಅಪ್ಪನ ದನಿ ಬಂತು: "ಮಿಸ್ತ್ರಿ ಕೈಗುಣ ಭಾರಿ ಐತಿ. ಆದ್ರೂ ಏನ ಅನ್ನು, ಹೆಣ್ಮಕ್ಕಳ ಕೈಯಾಗ ಗಾಡಿ ಲಗೂ ಸವೀತಾವ."

ಅವ್ವ ಗೇರು ಬದಲಿಸಿದಳು. ನಾನು ಹಿಂದಕ್ಕೆ ಪೂರ್ತಿ ತಿರುಗಿ ಕುಳಿತೆ.

"ಅಪ್ಪಾ, ಇಂಜೆಕ್ಟರ್ ಮುದುಕ ಆಗೂದು ವರ್ಷಗಟ್ಟಲೆ ಓಡಿ. ಅವ್ವ ಈ ಗಾಡಿ ಹಿಡದು ಮೂರ ವರ್ಷ ಆತು. ಅದಕ್ಕಿಂತ ಮೊದಲ ಹತ್ತ ವರ್ಷ ಇದನ್ನ ಓಡಿಸಿದವರು ಯಾರು?"