ಆರನೇ ಬೋಯ್‌ನ ಸರಪಳಿ

ಹಗ್ಗವನ್ನು ಮೂಸಿ ನೋಡಿ ಕೊಳ್ಳುವ ಗಿರಾಕಿ ನನ್ನ ಅಂಗಡಿಗೆ ಒಬ್ಬಳೇ. ಉಳಿದವರು ಬಣ್ಣ ನೋಡುತ್ತಾರೆ, ಉದ್ದ ಕೇಳುತ್ತಾರೆ, ನಾನು ಹೇಳಿದ್ದನ್ನು ನಂಬುತ್ತಾರೆ. ಅಂಥವರ ಆಯಸ್ಸು ಗಟ್ಟಿಯಾಗಿರಲಿ. ಇವಳು ಸುರುಳಿಯ ತುದಿ ಬಿಚ್ಚಿ, ಎಳೆಗಳನ್ನು ಬೆರಳಲ್ಲಿ ಹೊಸೆದು, ಮೂಗಿಗೆ ಹಿಡಿದು, “ತಮ್ಮಾ, ಇದು ಎಷ್ಟು ದಿನ ಕಿಟಕಿ ಹತ್ರ ಬಿಸಿಲು ಕಾಯಿಸ್ಕೊಂಡಿತ್ತು?” ಎಂದು ನಾಲ್ಕು ಜನರ ಎದುರಿಗೇ ಕೇಳುತ್ತಾಳೆ. ಊರೆಲ್ಲ ಅವಳನ್ನು ಸರಪಳಿ ಅಕ್ಕ ಎನ್ನುತ್ತದೆ. ಯಾಕೆ ಎನ್ನುವುದಕ್ಕೆ ಮೊದಲು ನಮ್ಮ ನೀರಿನ ಸಂಗತಿ ಹೇಳಬೇಕು.

ನಮ್ಮ ನದಿ ಸಮುದ್ರ ಸೇರುವಲ್ಲಿ ಅಗಲಕ್ಕೇನೂ ಕೊರತೆಯಿಲ್ಲ, ಆಳದ ವಿಷಯದಲ್ಲಿ ಮಾತ್ರ ಜುಗ್ಗ. ನಡುವೆ ಒಂದೇ ಒಂದು ಆಳದ ದಾರಿ ಹೊರಳಿಕೊಂಡು ಬರುತ್ತದೆ. ಅದರ ಎರಡೂ ಬದಿಗೆ ಮರಳು. ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ ನೀರು. ಹಾಗಾಗಿ ದಾರಿಯ ಅಂಚು ತೋರಿಸಲು ಹನ್ನೆರಡು ಕಬ್ಬಿಣದ ಪೀಪಾಯಿಗಳನ್ನು ತೇಲಿಬಿಟ್ಟಿದ್ದಾರೆ. ಅವೇ ಬೋಯ್‌ಗಳು. ಒಂದೊಂದನ್ನೂ ಉದ್ದನೆಯ ಸರಪಳಿಯಿಂದ ತಳದ ಕಾಂಕ್ರೀಟ್ ಕಲ್ಲಿಗೆ ಕಟ್ಟಿಹಾಕಿದೆ. ಕಡಲಿನಿಂದ ಒಳಗೆ ಬರುವಾಗ ಕೆಂಪು ಎಡಕ್ಕಿರಬೇಕು, ಹಸಿರು ಬಲಕ್ಕಿರಬೇಕು. ಹೊರಗೆ ಹೋಗುವಾಗ ತಿರುಗಾಮುರುಗಾ. ಕೆಂಪಿನದು ಡಬ್ಬಿಯ ಹಾಗೆ ಚಪ್ಪಟೆ ತಲೆ, ಹಸಿರಿನದು ಚೂಪು ತಲೆ. ಎದುರುಬಿಸಿಲಿನಲ್ಲಿ ಎರಡೂ ಕರ್ರಗೆ ಕಾಣುತ್ತವೆ, ಆಗ ತಲೆ ನೋಡಿಯೇ ಗುರುತು ಹಿಡಿಯಬೇಕು.

ಇಷ್ಟನ್ನು ವಿಹಾರಕ್ಕೆ ಹೋಗುವ ಪ್ರತಿ ಗಿರಾಕಿಗೂ ನಾನು ಬಿಟ್ಟಿಯಾಗಿ ಹೇಳಿಕೊಡುತ್ತೇನೆ. ನನ್ನ ಭಾವಮೈದುನನಿಗೂ ಹೇಳಿದ್ದೆ. ಹೊಸ ದೋಣಿ ಕೊಂಡ ಮೊದಲ ದಿನವೇ ಅವನು ಕೆಂಪು ಬೋಯ್ ಎದುರು ಎಂಜಿನ್ ಆರಿಸಿ, ಹಸಿರಾಗಲಿ ಎಂದು ಕಾಯುತ್ತ ಕೂತಿದ್ದ.

ಸರಪಳಿ ಅಕ್ಕನ ಕೆಲಸ ಈ ಹನ್ನೆರಡರ ಮೈ ಕೆರೆಯುವುದು. ನೀರಲ್ಲಿ ನಿಂತ ಕಬ್ಬಿಣಕ್ಕೆ ಚಿಪ್ಪು, ಪಾಚಿ ಹತ್ತಿ ಹತ್ತಿ ಬೋಯ್ ಭಾರವಾಗಿ ವಾಲುತ್ತದೆ, ಬಣ್ಣ ಮುಚ್ಚಿಹೋಗುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಅವಳು ತನ್ನ ಚಪ್ಪಟೆ ದೋಣಿಯಲ್ಲಿ ಒಂದು ಉದ್ದ ಹಿಡಿಯ ಕೆರೆಯುವ ಸಲಾಕೆ, ಎರಡು ಡಬ್ಬಿ ಬಣ್ಣ, ದೋಣಿಯ ಮೂತಿಗೆ ಕಟ್ಟಿದ ಒಂದು ಕೈರಾಟೆ ಇಟ್ಟುಕೊಂಡು ಹೋಗುತ್ತಾಳೆ. ಕೆರೆಯುವುದಷ್ಟೇ ಕರಾರಿನಲ್ಲಿರುವುದು. ಸರಪಳಿಯನ್ನು ರಾಟೆಯಿಂದ ಮೇಲೆತ್ತಿ ಕೊಂಡಿ ಕೊಂಡಿಯಾಗಿ ನೋಡು ಎಂದು ಅವಳಿಗೆ ಯಾರೂ ಹೇಳಿಲ್ಲ. ನೋಡುತ್ತಾಳೆ. ಬಂದರು ಕಚೇರಿ ವರ್ಷಕ್ಕೊಮ್ಮೆ ಆ ಕರಾರಿಗೆ ಮುದ್ರೆ ಒತ್ತುತ್ತದೆ.

ಅವಳ ಗಂಡ ದರ್ಜಿ; ಅವಳನ್ನು ಅಕ್ಕ ಎಂದ ಮೇಲೆ ಅವನು ನನಗೆ ಭಾವ. ನೀರು ಕಂಡರೆ ಅವನಿಗೆ ಹೊಟ್ಟೆ ತೊಳಸುತ್ತದೆ. ಮನೆಯ ಮುಂಗೋಣೆಯಲ್ಲಿ ಹೊಲಿಗೆ ಮಷಿನ್ನು, ಹಿಂಗೋಣೆಯಲ್ಲಿ ಸಲಾಕೆ, ತುಕ್ಕು, ಚಿಪ್ಪಿನ ವಾಸನೆ. ನಡುವಿನ ಹೊಸ್ತಿಲು ಇಬ್ಬರ ಗಡಿ. “ಬಿಳೀ ಬಟ್ಟೆ ಹೊಲೀತಿದೀನಿ, ಕೈ ತೊಳ್ಕೊಂಡು ಬಾರೇ” ಎನ್ನುವುದು ಅವನು ಮದುವೆಯಾದಾಗಿನಿಂದ ಹಾಡುವ ರಾಗ.

ಮೊನ್ನೆ ಒಂದು ಮಂಗಳವಾರ ಅಕ್ಕ ಬಂದು ಹಗ್ಗ ಮೂಸಲಿಲ್ಲ. ನೇರ ಸರಪಳಿ ಸುರುಳಿಗಳಿದ್ದ ಮೂಲೆಗೆ ಹೋದಳು.

“ತಮ್ಮಾ, ಆರನೇದು ತಪ್ಪು ಜಾಗದಲ್ಲಿ ನಿಂತಿದೆ.”

“ಕೆಂಪು ಆರಾ? ಅಲ್ಲೇ ಇದೆಯಲ್ಲಕ್ಕ, ಬೆಳಿಗ್ಗೆ ನೋಡಿದೆ.”

“ಅದು ಅಲ್ಲೇ ಇದೆ. ದಾರಿ ಅಲ್ಲಿಲ್ಲ.”

ಅರ್ಥವಾಗಲಿಲ್ಲ ಎಂದು ಮುಖ ಮಾಡಿದೆ. ಅವಳು ಒಂದು ಸರಪಳಿಯ ತುದಿಯನ್ನು ಎದೆಯ ಮಟ್ಟಕ್ಕೆ ಹಿಡಿದು, ಉಳಿದದ್ದನ್ನು ನೆಲಕ್ಕೆ ಬಿಟ್ಟಳು. “ನನ್ನ ಕೈ ಬೋಯ್ ಅಂದ್ಕೊ. ಅಲೆ ಬಂದಾಗ ಏಳುತ್ತೆ, ಬೀಳುತ್ತೆ.” ಕೈ ಮೇಲೆ ಕೆಳಗೆ ಆಡಿಸಿದಳು. “ನೋಡು, ಮೇಲಿನ ಕೊಂಡಿ ನೀರಲ್ಲೇ ತೂಗಾಡ್ತವೆ. ಕೆಳಗಿನವು ನೆಲದ ಮೇಲೆ ಸುಮ್ನೆ ಮಲಗಿವೆ. ಈ ನಡುವಿನ ನಾಲ್ಕೈದು ಮಾತ್ರ ಎದ್ದು ಎದ್ದು ನೆಲಕ್ಕೆ ಹೊಡ್ಕೊತವೆ. ಅವು ಬೆಳ್ಳಿ ಹಾಗೆ ಹೊಳೀತವೆ. ಚಿಪ್ಪು ಕೂರಕ್ಕೆ ಪುರುಸೊತ್ತೇ ಇರಲ್ಲ.”

ಆಮೇಲೆ ಕಾಲಿನಿಂದ ಒಂದು ದಪ್ಪ ಹಗ್ಗದ ಸುರುಳಿಯನ್ನು ತಳ್ಳಿ ಸರಪಳಿಯ ಅಡಿಗೆ ತಂದಳು. “ಇದು ಮರಳುದಿಬ್ಬ. ಈಗ ಯಾವುದು ಹೊಡ್ಕೊತಿದೆ?”

ಈಗ ಬಡಿಯುತ್ತಿದ್ದದ್ದು ಇನ್ನೂ ಮೇಲಿನ ಕೊಂಡಿಗಳು. ಬೆಳಗಿನಿಂದ ಸಂಜೆಯವರೆಗೆ ಸರಪಳಿ ಮಾರುವವನು ನಾನು. ಅದು ಹೀಗೆ ಮಾತಾಡುತ್ತದೆ ಎಂದು ಅವತ್ತೇ ಗೊತ್ತಾದದ್ದು.

“ಆರನೇದರಲ್ಲಿ ಹೊಳಪು ಹದಿನೆಂಟು ಕೊಂಡಿ ಮೇಲಕ್ಕೆ ಬಂದಿದೆ. ಭಾನುವಾರ ವಿಹಾರದ ಕ್ಲಬ್ಬಿನವ್ರು ಮೂವತ್ತು ದೋಣಿ ಬಿಡ್ತಾರೆ, ಹೆಂಡ್ತಿ ಮಕ್ಕಳ ಸಮೇತ. ಇಳಿತದ ಹೊತ್ತಿಗೇ ವಾಪಸ್ ಬರೋದು. ಬೋಯ್ ನಂಬ್ಕೊಂಡು ಜೋರಾಗಿ ಬಂದು ಮರಳಿಗೆ ಗುದ್ದಿದ್ರೆ?”

ಕುತೂಹಲ ನನ್ನನ್ನೂ ಬಂದರು ಕಚೇರಿಗೆ ಎಳೆದುಕೊಂಡು ಹೋಯಿತು. ಅಧಿಕಾರಿ ಹೋದ ವರ್ಷ ಬಂದವರು, ಇಸ್ತ್ರಿ ಮುರಿಯದ ಮನುಷ್ಯ. ಮೇಜಿನ ಗಾಜಿನಡಿ ನಕ್ಷೆ, ನಕ್ಷೆಯ ತುಂಬ ಆಳದ ಅಂಕಿಗಳು.

“ಇಲ್ಲಿ ನೋಡಮ್ಮ. ಆರನೇದರ ಹತ್ರ ಪೂರ್ತಿ ಇಳಿತದಲ್ಲೂ ನಾಲ್ಕು ಮೀಟರ್.”

“ಅದು ಯಾವಾಗ ಅಳೆದದ್ದು ಸಾಹೇಬ್ರೇ?”

ಅವರು ನಕ್ಷೆಯ ಮೂಲೆಯಲ್ಲಿದ್ದ ಇಸವಿ ನೋಡಿ, ಆ ಮೂಲೆಯ ಮೇಲೆ ಚಹಾ ಲೋಟ ಇಟ್ಟರು. ಆದರೆ ಆಸಾಮಿ ದಡ್ಡನಲ್ಲ. ಕಡತ ತೆಗೆಸಿ ಓದಿ, ನಕ್ಕರು. “ಹೋದ ವರ್ಷ ಆ ಸರಪಳೀನ ಬುಡಮೇಲು ಮಾಡಿ ಹಾಕಿದ್ದಾರೆ. ಕೆಳಗಿನ ತುದಿ ಮೇಲೆ ಬಂದಿದೆ. ನೀವು ನೋಡಿದ್ದು ಹಳೇ ಸವೆತ.”

ನಾನು ಅಕ್ಕನ ಮುಖ ನೋಡಿದೆ. ಸರಪಳಿ ಒಂದೇ ಕಡೆ ತೇಯದಿರಲಿ ಎಂದು ಹಾಗೆ ತಿರುಗಿಸುವುದು ರೂಢಿಯೇ. ಮಾತು ಮುಗಿಯಿತು ಎಂದುಕೊಂಡೆ.

“ಹಳೇ ಸವೆತ ತೆಳ್ಳಗಿರುತ್ತೆ, ಹೊಳೆಯಲ್ಲ” ಎಂದಳು ಅವಳು. “ತುಕ್ಕು ಹಿಡಿದು ಚಿಪ್ಪು ಕೂತಿರುತ್ತೆ. ಅದೂ ಇದೆ, ಬೇರೆ ಕಡೆ. ನಾನು ಹೇಳ್ತಿರೋ ಕೊಂಡಿ ದಪ್ಪ ಇನ್ನೂ ಹಾಗೇ ಇದೆ, ಮೈ ಮಾತ್ರ ಥಳಥಳ. ಅಂದ್ರೆ ಈ ಎರಡು ಮೂರು ತಿಂಗಳದ್ದು.”

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಬೋಯ್ ಎತ್ತಿ ಸರಿಸಲು ಪಕ್ಕದ ಬಂದರಿನಿಂದ ಕ್ರೇನಿನ ದೋಣಿ ಬರಬೇಕು. ಸುಮ್ಮಸುಮ್ಮನೆ ಕರೆಸಿದರೆ ಮೇಲಿನವರಿಗೆ ಉತ್ತರ ಹೇಳಬೇಕಾದವರು ಇವರು. “ಕರೆಸ್ತೀನಿ ಅಂತಿಟ್ಕೊಳ್ಳಿ. ನಿಮ್ಮ ಮಾತು ಸುಳ್ಳಾದ್ರೆ? ಯಾರಾದ್ರೂ ಹೊಣೆ ಹೊರಬೇಕಲ್ಲ. ಈ ವರ್ಷದ ನಿಮ್ಮ ಕರಾರಿಗೆ ನಾನಿನ್ನೂ ಮುದ್ರೆ ಒತ್ತಿಲ್ಲ.”

“ಒತ್ತಬೇಡಿ. ನಾಡಿದ್ದು ಹನ್ನೊಂದು ಗಂಟೆಗೆ ಪೂರ್ತಿ ಇಳಿತ. ನೀವೇ ಬಂದು ಅಳೆದು ನೋಡಿ. ನಾಲ್ಕು ಮೀಟರ್ ಇದ್ರೆ ಸಲಾಕೆ ಇಲ್ಲೇ ಇಟ್ಟು ಹೋಗ್ತೀನಿ.”

ಹೀಗೆ ಇಪ್ಪತ್ತೆರಡು ವರ್ಷದ ಕೆಲಸವನ್ನು ಹದಿನೆಂಟು ಕೊಂಡಿಗಳ ಮೇಲೆ ಪಣಕ್ಕಿಟ್ಟು ಬಂದಳು. ಮನೆಯಲ್ಲಿ ಭಾವ ಕತ್ತರಿ ಕೆಳಗಿಡದೆ ಕೇಳಿಸಿಕೊಂಡ. “ಕೆಲಸ ಹೋದ್ರೆ ಗುಂಡಿ ಹಾಕಕ್ಕೆ ಕೂತ್ಕೊ.”

“ನಾನು ಗುಂಡಿ ಹಾಕಿದ ಅಂಗಿ ಯಾರ್ ಹಾಕ್ಕೊತಾರೆ?”

“ಅದೇ ನನಗೂ ಭಯ. ಗೆದ್ದು ಬಾ ಮಾರಾಯ್ತಿ.”

ಗುರುವಾರ ನನ್ನ ದೋಣಿಯಲ್ಲೇ ಹೊರಟೆವು. ಅವಳ ದೋಣಿಗೆ ಇಸ್ತ್ರಿ ಪ್ಯಾಂಟು ಹತ್ತುವಂತಿರಲಿಲ್ಲ. ಆಳ ನೋಡಲು ನನ್ನ ಅಂಗಡಿಯದೇ ಗುರುತು ಹಾಕಿದ ಹಗ್ಗ, ತುದಿಗೆ ಸೀಸದ ಗುಂಡು. ಗುಂಡಿನ ಅಡಿಯ ಕುಳಿಗೆ ಅಕ್ಕ ಬಟ್ಟೆಸೋಪು ಮೆತ್ತಿದಳು.

“ಇದ್ಯಾಕೆ?” ಅಧಿಕಾರಿ ಕೇಳಿದರು.

“ತಳ ಏನು ಅಂತ ಅಂಟ್ಕೊಂಡು ಬರಲಿ ಅಂತ.”

ಆರನೇ ಬೋಯ್ ಪಕ್ಕದಲ್ಲಿ ಎಂಜಿನ್ ಆರಿಸಿದೆ. ಅಧಿಕಾರಿ ತಾವೇ ಗುಂಡು ಬಿಟ್ಟರು. ಮೂರು ಮುಕ್ಕಾಲು. ಬೋಯ್‌ನ ಇನ್ನೊಂದು ಪಕ್ಕ, ಮೂರು ಮುಕ್ಕಾಲು. ಕಡಲ ಕಡೆ ಸ್ವಲ್ಪ ಸರಿದರೆ ಪೂರ್ತಿ ನಾಲ್ಕು. ಸೋಪಿಗೆ ಅಂಟಿದ್ದು ಮೆತ್ತನೆಯ ಕಪ್ಪು ಕೆಸರು, ಆಳದ ದಾರಿಯಲ್ಲಿ ಇರಬೇಕಾದದ್ದೇ.

ಅಧಿಕಾರಿ ಕರವಸ್ತ್ರ ತೆಗೆದು ಕೈ ಒರೆಸಿಕೊಂಡರು. ಗೆದ್ದವರು ಸುಮ್ಮನಿದ್ದರೆ ನೋಡುವವರಿಗೇ ಕಷ್ಟ. ನಾನು ಹಗ್ಗ ಸುತ್ತುವುದರಲ್ಲಿ ಮುಳುಗಿದವನಂತೆ ನಟಿಸಿದೆ. ಅಕ್ಕ ಮಾತ್ರ ಸೋಪನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು, ನಂತರ ನೀರು ಹರಿಯುವ ದಿಕ್ಕು ನೋಡಿದಳು, ಬೋಯ್ ವಾಲಿದ ದಿಕ್ಕು ನೋಡಿದಳು.

“ನಾವು ಪೆದ್ದರು” ಎಂದಳು.

ಬಹುವಚನದಲ್ಲಿ ಹೇಳಿದ್ದು ಅಧಿಕಾರಿಗೆ ಹಿಡಿಸಲಿಲ್ಲ. “ಏನೀಗ?”

“ಈಗ ಇಳಿತ. ನೀರು ಕಡಲ ಕಡೆ ಎಳೀತಿದೆ, ಬೋಯ್ ಹಗ್ಗ ಕಟ್ಟಿದ ಕರು ಹಾಗೆ ಅತ್ತ ಹೋಗಿ ನಿಂತಿದೆ. ನಾವು ಕರು ನಿಂತಲ್ಲಿ ಅಳೀತಿದ್ದೀವಿ. ಗೂಟ, ಅಂದ್ರೆ ತಳದ ಕಲ್ಲು, ಇರೋದು ಹಿಂದೆ. ಉಬ್ಬರದಲ್ಲಿ ಇದು ಗೂಟದಿಂದ ಆಚೆಗೆ, ಊರ ಕಡೆಗೆ ಹೋಗಿ ನಿಲ್ಲುತ್ತೆ. ಸರಪಳಿ ತೇಯ್ದಿರೋದು ಅಲ್ಲಿ. ತಮ್ಮಾ, ಊರ ಕಡೆಗೆ ಹದಿನೈದಿಪ್ಪತ್ತು ಮೀಟರ್ ನಡಿ. ಮೆಲ್ಲಗೆ.”

ಮೆಲ್ಲಗೆ ಎಂದಿದ್ದಳು, ನಾನು ನನ್ನ ಲೆಕ್ಕದಲ್ಲಿ ಮೆಲ್ಲಗೇ ಹೋದೆ. ಅಧಿಕಾರಿ ಗುಂಡು ಬಿಡಲು ಬಗ್ಗಿದ್ದರು. ದೋಣಿಯ ಅಡಿಯಲ್ಲಿ ಗೋಣಿಚೀಲ ಎಳೆದಂಥ ಸದ್ದಾಯಿತು. ದೋಣಿ ನಿಂತಿತು. ಅಧಿಕಾರಿ ನಿಲ್ಲಲಿಲ್ಲ, ಮಂಡಿಯೂರಿ ನನ್ನ ಮುಂದಿನ ಹಲಗೆ ತಬ್ಬಿಕೊಂಡರು. ಆದರೂ ಗುಂಡುಹಗ್ಗ ಬಿಡದ ಆ ನಿಷ್ಠೆಯನ್ನು ಮೆಚ್ಚಬೇಕು. ಎದ್ದು, ಅಂಗಿ ಕೊಡವಿ, ಅಳೆದರು. ಮುಕ್ಕಾಲು ಮೀಟರ್.

ಸೋಪಿನ ತುಂಬ ದಪ್ಪ ಹಳದಿ ಮರಳು, ಚಿಪ್ಪಿನ ಚೂರು. ಕೆಸರಿನ ಸುಳಿವಿಲ್ಲ. ನಾವು ಕೂತಿದ್ದದ್ದು ನಕ್ಷೆಯ ಪ್ರಕಾರ ಆಳದ ದಾರಿಯ ಒಳಗೆ, ಕೆಂಪು ಬೋಯ್ ತೋರಿಸುವ ಸರಿಯಾದ ಬದಿಯಲ್ಲಿ. ದಿಬ್ಬ ಊರ ಕಡೆಯಿಂದ ನಾಲಗೆ ಚಾಚಿ ಅರ್ಧ ದಾರಿ ನೆಕ್ಕಿಬಿಟ್ಟಿತ್ತು.

ಉಬ್ಬರ ಬಂದು ಎತ್ತುವವರೆಗೆ ಮುಕ್ಕಾಲು ಗಂಟೆ ಅಲ್ಲೇ ಕೂತೆವು. ಅಧಿಕಾರಿ ಮೊದಲ ಹತ್ತು ನಿಮಿಷ ಫೋನಿನಲ್ಲಿ ಕ್ರೇನಿನ ದೋಣಿಗೆ ಹೇಳಿದರು: ಶನಿವಾರದೊಳಗೆ, ಹೌದು, ನಾನೇ ನೋಡಿದ್ದೀನಿ, ಹೌದು, ಈಗ ಅದರ ಮೇಲೇ ಇದ್ದೀನಿ. ಆಮೇಲೆ ಶೂ ಬಿಚ್ಚಿ, ಕಾಲು ನೀರಿಗೆ ಇಳಿಬಿಟ್ಟು, ಶಾಲೆಯ ಹುಡುಗನಂತೆ ಪ್ರಶ್ನೆ ಶುರು ಮಾಡಿದರು. ಕಲ್ಲು ಜರುಗಿದರೆ ಸರಪಳಿಯಲ್ಲಿ ಹೇಗೆ ಗೊತ್ತಾಗುತ್ತದೆ? ಒಂದೇ ಪಕ್ಕ ಚಿಪ್ಪು ಹೆಚ್ಚಿದ್ದರೆ ಏನರ್ಥ? ಇಷ್ಟು ದಿನ ಯಾಕೆ ಯಾರಿಗೂ ಹೇಳಲಿಲ್ಲ?

“ಯಾರು ಕೇಳಿದ್ರು ಸಾಹೇಬ್ರೇ? ಕೆರೆಯಕ್ಕೆ ತಾನೇ ಇಟ್ಕೊಂಡಿರೋದು.”

“ಇನ್ಮೇಲೆ ಬರೆದು ಕೊಡಿ. ಪ್ರತಿ ಬೋಯ್‌ದೂ.”

“ಬರೆಯೋದೆಲ್ಲ ಆಗಲ್ಲ. ನೀವೇ ತಿಂಗಳಿಗೊಂದ್ಸಲ ನನ್ನ ದೋಣೀಲಿ ಬನ್ನಿ. ಕೈಲಿ ಮುಟ್ಟಿದ್ರೆ ಗೊತ್ತಾಗುತ್ತೆ. ಹಳೇ ಪ್ಯಾಂಟ್ ಹಾಕ್ಕೊಂಡು ಬನ್ನಿ, ಇಲ್ದಿದ್ರೆ ನಮ್ಮನೆಯವ್ರ ಹತ್ರ ಒಂದು ಹೊಲಿಸ್ಕೊಳ್ಳಿ.”

ಮುದ್ರೆ ಶುಕ್ರವಾರ ಬಿತ್ತು. ಶನಿವಾರ ಕ್ರೇನು ಬಂದು ಆರನೇ ಬೋಯನ್ನು ಕಲ್ಲು ಸಮೇತ ಎತ್ತಿ, ಎಪ್ಪತ್ತು ಹೆಜ್ಜೆ ಆಚೆ, ದಿಬ್ಬದ ಹೊಸ ಅಂಚಿಗೆ ಇಳಿಸಿತು. ಸರಪಳಿ ಮೇಲೆ ಬಂದಾಗ ಅಧಿಕಾರಿ ಎಲ್ಲರಿಗಿಂತ ಮುಂದೆ ನಿಂತು ಹೊಳಪು ಎಷ್ಟು ಕೊಂಡಿ ಮೇಲಕ್ಕೆ ಬಂದಿದೆ ಎಂದು ಎಣಿಸಿದರು. ಹದಿನೆಂಟಲ್ಲ, ಹತ್ತೊಂಬತ್ತು ಎಂದು ಅಕ್ಕನನ್ನು ತಿದ್ದಿದರು; ಅವಳು ತಿದ್ದಿಸಿಕೊಂಡಳು.

ಭಾನುವಾರ ಮೂವತ್ತು ದೋಣಿಗಳು ಹೋದವು, ಮೂವತ್ತೂ ಬಂದವು. ನನ್ನ ಭಾವಮೈದುನನೂ ಎಲ್ಲೂ ನಿಲ್ಲದೆ ಬಂದ. ಬೋಯ್ ಜರುಗಿದ್ದು ಅವರಲ್ಲಿ ಒಬ್ಬನಿಗೂ ಗೊತ್ತಾಗಲಿಲ್ಲ.

ನಾನು ಕಟ್ಟೆಯ ಮೇಲೆ ಅಕ್ಕನ ಪಕ್ಕ ನಿಂತು, ಅವಳು ಖುಷಿಯಾಗಿರಬಹುದು ಎಂದು ನೋಡಿದೆ. ಅವಳ ಕಣ್ಣು ದೋಣಿಗಳ ಮೇಲೆ ಇರಲೇ ಇಲ್ಲ.

“ಏನಕ್ಕ?”

“ಅಷ್ಟು ಮರಳು ಅಲ್ಲಿಗೆ ಬಂತು ಅಂದ್ರೆ, ಇನ್ನೆಲ್ಲಿಂದಲೋ ಹೋಗಿರಬೇಕಲ್ವಾ ತಮ್ಮಾ? ಎಲ್ಲಿಂದ?”

ಅವಳು ಆಗಲೇ ತನ್ನ ಚಪ್ಪಟೆ ದೋಣಿಯ ಹಗ್ಗ ಬಿಚ್ಚುತ್ತಿದ್ದಳು. ನದಿಯ ಮೇಲಕ್ಕೆ, ಎಂಟನೇ ಬೋಯ್ ಕಡೆಗೆ.