ಖಾಲಿ ಮಗ್ಗದ ಸಪ್ಪಳ

ಕಷ್ಟಕಾಲದಲ್ಲಿ ಸಣ್ಣ ಉದ್ಯಮಿಗಳು ಮನಸ್ಸು ಗಟ್ಟಿ ಇಟ್ಟುಕೊಳ್ಳುವುದು ಹೇಗೆ ಎಂಬ ಪ್ರಶ್ನಾವಳಿ ಹಿಡಿದು ನಾನು ಇಚಲಕರಂಜಿಯ ಒಂದು ಪವರ್‌ಲೂಮ್ ಶೆಡ್ಡಿಗೆ ಹೋಗಿದ್ದೆ. ಎಂಟು ಮಗ್ಗಗಳಲ್ಲಿ ಒಂದು ಮಾತ್ರ ಓಡುತ್ತಿತ್ತು. ಅದರ ಮೇಲೆ ನೂಲಿನ ಒಂದೆಳೆಯೂ ಇರಲಿಲ್ಲ.

“ಖಾಲಿ ಮಗ್ಗ ಯಾಕ ಓಡಸ್ತೀರಿ?” ಎಂದು ಕೂಗಿದೆ.

ಮಾಲೀಕ ಅಣ್ಣಾಸಾಹೇಬರು ನನ್ನ ಕಿವಿಗೆ ಬಾಯಿಟ್ಟರು. “ಸಪ್ಪಳ ನಿಂತ್ರ ನಾಳೆನ ಮೋಡಕಾದಾಂವ, ಗುಜರಿಯಾಂವ, ತಕ್ಕಡಿ ತಗೊಂಡು ಬರ್ತಾನ್ರಿ. ಹಿಂದಿನ ಓಣ್ಯಾಗ ಮಗ್ಗ ಒಡದು ಕಬ್ಬಿಣದ ತೂಕಕ್ಕ ಒಯ್ದಾನ.”

“ಬಂದ್ರ ಬರಲಿ, ಒಲ್ಲೆ ಅನ್ರಿ.”

“ಇಷ್ಟು ದಿನ ಅಂದೇನ್ರಿ. ಈ ಸಲ ಬಂದ್ರ ಹೂಂ ಅಂದಬಿಡ್ತೇನಿ. ಅದಕ್ಕ ಅಂವಾ ಬರಬಾರ್ದು.”

ನನ್ನ ಪಟ್ಟಿಯಲ್ಲಿ ಯೋಗ, ಧ್ಯಾನ, ದೇವರು, ಗೆಳೆಯರು ಎಂಬ ಉತ್ತರಗಳಿದ್ದವು. ‘ಇತರೆ’ ಎಂಬಲ್ಲಿ ಗುರುತು ಹಾಕಿದೆ.

“ಬಾಜೂದವ್ರನ್ನ ಕೇಳ್ರಿ. ಅವ್ರದು ಭಾಳ ಜೋರ್ ನಡದೈತಿ,” ಎಂದು ತುಸು ಹೊಟ್ಟೆಕಿಚ್ಚಿನಿಂದಲೇ ಕಳಿಸಿದರು.

ಪಕ್ಕದ ಶೆಡ್ಡಿನಲ್ಲಿ ಎರಡು ಮಗ್ಗ ಓಡುತ್ತಿದ್ದವು. ಎರಡೂ ಖಾಲಿ. ನಾನು ಬಾಯಿ ತೆರೆಯುವ ಮೊದಲೇ ಅಲ್ಲಿಯ ಮಾಲೀಕ ಕೇಳಿದ: “ಅಣ್ಣಾಸಾಹೇಬ್ರಿಗೆ ನೂಲು ಬಂತೇನ್ರಿ?”

ನನಗೆ ಸಂಬಳ ಕೊಡುವುದು ಪ್ರಶ್ನೆ ಕೇಳುವುದಕ್ಕೆ, ಉತ್ತರ ಹೇಳುವುದಕ್ಕಲ್ಲ. ಆದರೂ “ಬಂದಂಗ ಕಾಣಸ್ತೈತ್ರಿ,” ಎಂದೆ.