ಅತ್ತಿಗೆಗೆ ಸಹಪಾಠಿಗಳು ಬೇಕಾಗಿದ್ದರು

ಆ ಭಾನುವಾರ ಉರ್ವದ ಅಣ್ಣನ ಮನೆಯಲ್ಲಿ ಬಂಗುಡೆ ಮೀನಿನ ಗಸಿಯ ಊಟ ಮುಗಿಸಿ ಕೂತವರು ನಾಲ್ವರು: ಅಣ್ಣ, ಅತ್ತಿಗೆ, ನಮ್ಮ ದೊಡ್ಡಮ್ಮ ಮತ್ತು ನಾನು. ಅತ್ತಿಗೆ ಮಾತ್ರ ಮೊಬೈಲಿನಿಂದ ತಲೆ ಎತ್ತಿರಲಿಲ್ಲ.

ಬಿಜೈಯ ಒಂದು ಪುಟ್ಟ ಮಕ್ಕಳ ಶಾಲೆಯವರು ಅವರನ್ನು ಟೀಚರಾಗಿ ತೆಗೆದುಕೊಳ್ಳಲು ಒಪ್ಪಿದ್ದರು. ಶಾಲೆ ತೆರೆಯುವ ಮೊದಲು ಮಕ್ಕಳ ಕಲಿಕೆಯ ಬಗ್ಗೆ ಒಂದು ಕೋರ್ಸ್ ಮುಗಿಸಿ ತೋರಿಸಬೇಕಿತ್ತು. ದೂರದೇಶದ ಯಾವುದೋ ವಿಶ್ವವಿದ್ಯಾಲಯ ಅದನ್ನು ಆನ್‌ಲೈನಿನಲ್ಲಿ ಪುಕ್ಕಟೆ ಕಲಿಸುತ್ತದೆಂದು ತಿಳಿದು ಅತ್ತಿಗೆ ಸೇರಿದರು. ಅನ್ನ ಬೇಯುವಾಗ ಪಾಠ ಕೇಳಿದರು. ಅರ್ಥವಾಗದ ಇಂಗ್ಲಿಷನ್ನು ಹಿಂದೆ ತಿರುಗಿಸಿ ತಿರುಗಿಸಿ ಕೇಳಿದರು. ಕೊನೆಗೆ ಮಕ್ಕಳಿಗಾಗಿ ಒಂದು ಆಟ ಯೋಚಿಸಿ ಬರೆಯಬೇಕು. ಅದಕ್ಕೆ ಅಂಕ ಕೊಡುವವರು ಮೇಷ್ಟ್ರಲ್ಲ, ಜೊತೆಗೆ ಕಲಿಯುವ ಬೇರೆ ಇಬ್ಬರು. ಬರೆದು ಕಳಿಸಿ ವಾರಗಳಾದರೂ ಓದುವವರೇ ಇಲ್ಲ.

"ಪುಕ್ಕಟೆ ಅಲ್ವಾ, ಎಲ್ಲ ಅರ್ಧ ದಾರಿಯಲ್ಲಿ ಇಳಿದು ಹೋಗಿದ್ದಾರೆ," ಎಂದ ಅಣ್ಣ.

"ನಿಮ್ಮ ಕುಶಾಲು ಸಾಕು. ಮುಂದಿನ ವಾರ ಶಾಲೆಯವರು ಕೇಳಿದ್ರೆ ನಾನೆಂತ ತೋರಿಸುದು?"

"ಓದುವವರು ಇಲ್ಲದಿದ್ರೆ ನಾವೇ ಸೇರುವ," ಎಂದರು ದೊಡ್ಡಮ್ಮ. "ಮನೆಯಲ್ಲಿ ಇಷ್ಟು ಜನ ಇರುದು ಎಂತಕ್ಕೆ?"

ಹಾಗೆ ನಾನೂ ದೊಡ್ಡಮ್ಮನೂ ವಿದ್ಯಾರ್ಥಿಗಳಾದೆವು. ಆದರೆ ತಮ್ಮದನ್ನು ಬರೆದು ಕೊಟ್ಟವರಿಗಷ್ಟೇ ಇತರರದ್ದನ್ನು ಓದಲು ಬಿಡುತ್ತಾರಂತೆ. ನಾನು ಪಾಠಗಳನ್ನು ಹಾರಿಸಿ ನೇರ ಕೊನೆಗೆ ಹೋಗಿ ಏನೋ ಒಂದು ಆಟ ಗೀಚಿದೆ. ತೆಂಗಿನ ಗೆರಟೆಯಲ್ಲಿ ಮರಳು ತುಂಬಿ ಅಡುಗೆಯಾಟ ಆಡಿಸುವುದನ್ನು ದೊಡ್ಡಮ್ಮ ತುಳುವಿನಲ್ಲಿ ಹೇಳಿದರು, ಅದನ್ನು ಇಂಗ್ಲಿಷಿಗೆ ತಂದದ್ದು ನಾನು.

ಇಷ್ಟೆಲ್ಲ ಮಾಡಿದ ಮೇಲೆ ಓದಲು ಬಂದದ್ದು ಅತ್ತಿಗೆಯದಲ್ಲ. ಘಾನಾದ ಒಬ್ಬ ಮೇಷ್ಟ್ರದ್ದು, ಬ್ರೆಜಿಲಿನ ಒಬ್ಬ ತಾಯಿಯದ್ದು. ಯಾರದ್ದು ಯಾರಿಗೆ ಎಂದು ಕಂಪ್ಯೂಟರೇ ಹಂಚುತ್ತದೆ.

"ಏನಾದ್ರೂ ಒಂದು ಅಂಕ ಒತ್ತಿ ಮುಂದೆ ಹೋಗು ಮಾರಾಯ," ಎಂದ ಅಣ್ಣ. "ನಮ್ಮದು ಸಿಗುವವರೆಗೆ."

ದೊಡ್ಡಮ್ಮ ಅವನತ್ತ ತಿರುಗಿದರು. "ಆ ಹೆಂಗಸಿನ ಗಂಡನೂ ಅಲ್ಲಿ ಹೀಗೇ ಹೇಳಿದ್ರೆ? ಅವಳೂ ನಿನ್ನ ಹೆಂಡತಿಯ ಹಾಗೆ ಮೊಬೈಲ್ ನೋಡಿಕೊಂಡು ಕೂತಿರ್ಬಹುದು. ಸರಿಯಾಗಿ ಓದು."

ಓದಿದೆ. ಒಂದೊಂದು ಸಾಲನ್ನೂ ತುಳುವಿಗೆ ತಿರುಗಿಸಿ ಹೇಳಿದೆ. ಬ್ರೆಜಿಲಿನವಳದ್ದು ಗೋಡೆಯ ಮೇಲೆ ನೆರಳು ಮೂಡಿಸುವ ಆಟ. ದೊಡ್ಡಮ್ಮ ಪೂರ್ತಿ ಅಂಕ ಕೊಡಿಸಿದರು. ಘಾನಾದವರದ್ದು ಬಾಟಲಿ ಮುಚ್ಚಳ ಎಣಿಸುವ ಆಟ.

"ಒಳ್ಳೇದುಂಟು. ಆದ್ರೆ ಸಣ್ಣ ಮಕ್ಕಳು ಮುಚ್ಚಳ ಬಾಯಿಗೆ ಹಾಕ್ತಾರೆ. ಅದನ್ನೂ ಬರೆ."

ಬರೆದೆ. ಸಂಜೆಯ ಚಹಾದವರೆಗೆ ಇನ್ನೂ ಕೆಲವರದ್ದು ಬಂತು. ಅತ್ತಿಗೆಯದು ನಮ್ಮ ಕೈಗೆ ಬರಲೇ ಇಲ್ಲ.

ಬುಧವಾರ ಅತ್ತಿಗೆಗೆ ಅಂಕ ಬಂತು, ಪಾಸಾಗಿದ್ದರು. ಓದಿದ ಇಬ್ಬರು ಯಾರೆಂದು ಗೊತ್ತಾಗಲಿಲ್ಲ. ನಾವಲ್ಲ ಎಂದಷ್ಟೇ ಗೊತ್ತು. ಜೂನಿನಲ್ಲಿ ಅವರು ಕೆಲಸಕ್ಕೆ ಸೇರಿದರು. ಮೊದಲ ದಿನ ಬಿಜೈಯಿಂದ ಬಂದ ಅತ್ತಿಗೆ ಚಹಾ ಕುಡಿದು, ದೊಡ್ಡಮ್ಮನನ್ನು ಹತ್ತಿರ ಕರೆದು, ಮೊಬೈಲ್ ತೆರೆದು ಅದೇ ಕೋರ್ಸಿನಲ್ಲಿ ಅಂಕಕ್ಕೆ ಕಾಯುತ್ತಿದ್ದ ಯಾರೋ ಬರೆದದ್ದನ್ನು ಓದಲು ಕೂತರು.